ಅಪ್ಪ ಒತ್ತಿದ ಜಾಹೀರಾತು

ನವೆಂಬರ್ ೧೪, ಗುರುವಾರ

ಬರೆದರಾದರೂ ಎದೆ ಹಗುರಾದೀತೇನೋ ಎಂದು ಕೂತಿದ್ದೇನೆ.

ಬೆಳಗ್ಗೆ ಇದ್ದದ್ದು ಬೇರೆ ಹೆದರಿಕೆ. ನನ್ನ ಹೊಲಿಗೆ ಬ್ಲಾಗಿನ ಜಾಹೀರಾತುಗಳನ್ನು ಯಾರೋ ಸುಮ್ಮಸುಮ್ಮನೆ ಒತ್ತುತ್ತಿದ್ದಾರೆ, ಹೀಗೇ ಆದರೆ ಖಾತೆ ಮುಚ್ಚುತ್ತೇವೆ ಎಂದು ಜಾಹೀರಾತು ಕಂಪನಿಯವರು ಬರೆದಿದ್ದರು. ಯಾರೋ ಏನು ಬಂತು, ನಮ್ಮಪ್ಪನೇ!

"ನಿಂಗೆ ನಾಲ್ಕು ಕಾಸು ಬರ್ಲಿ ಅಂತ ದಿನಾ ಕಾಫಿ ಕುಡೀತಾ ಒತ್ತುತ್ತಿದ್ದೆ ಕಣಮ್ಮಾ," ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

"ಹೀಗೆ ಮಾಡಿದ್ರೆ ಬರೋದೂ ಹೋಗುತ್ತಪ್ಪಾ, ಕೊಡಿ ಇಲ್ಲಿ," ಎಂದು ನಗುತ್ತಲೇ ಫೋನ್ ಕಸಿದುಕೊಂಡೆ.

ನನ್ನ ಫೋನಿನಲ್ಲಿ ಜಾಹೀರಾತಿನ ಜಾಗದಲ್ಲಿ ಕತ್ತರಿ, ಗುಂಡಿ, ದಾರ ಕಾಣುತ್ತವೆ. ಅವರದರಲ್ಲಿ, ಕಾಜಾ ಹೊಲಿಯುವ ಪಾಠದ ನಡುವೆ, ಶ್ವಾಸಕೋಶದ ಕ್ಯಾನ್ಸರ್ ಆಸ್ಪತ್ರೆ. ಕೆಳಗೆ ಇನ್ನೊಂದು ಆಸ್ಪತ್ರೆ. ಅದರ ಕೆಳಗೆ, ಕೀಮೋ ಆದಮೇಲೆ ಏನು ತಿನ್ನಬೇಕು.

ಓದುವವರು ಏನನ್ನು ಹುಡುಕಿರುತ್ತಾರೋ ಅದೇ ಜಾಹೀರಾತಾಗಿ ಅವರ ಬೆನ್ನು ಹತ್ತುತ್ತದೆ. ಬ್ಲಾಗ್ ನಡೆಸುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಪ್ಪನ ಆ ಒಣ ಕೆಮ್ಮು ನೆನಪಾಯಿತು. ಧೂಳು, ಧೂಳು ಎಂದು ಕಿಟಕಿ ಮುಚ್ಚಿಸುತ್ತಿದ್ದದ್ದು.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಮ್ಮಾ, ಇದೆಲ್ಲ ಎಲ್ರಿಗೂ ಒಂದೇ ಥರ ಕಾಣೋದಲ್ವಾ?"

"ಹೂಂ ಅಪ್ಪಾ. ಎಲ್ರಿಗೂ ಒಂದೇ."

ಅಂದದ್ದೇ ತಡ, ಬಿಗಿಹಿಡಿದಿದ್ದ ಉಸಿರು ಬಿಟ್ಟರು. ಆ ನೆಮ್ಮದಿ ನೋಡಿಯೇ ನನಗೆ ಖಾತ್ರಿಯಾಗಿಹೋಯಿತು.

ಗೋಡೆಯಾಚೆ ಈಗ ಮತ್ತೆ ಶುರುವಾಗಿದೆ. ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುತ್ತಿದ್ದಾರೆ, ನನಗೆ ಕೇಳಿಸಬಾರದೆಂದು. ನಾನೂ ಇಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಿದ್ದೇನೆ, ನನ್ನ ಅಳು ಅವರಿಗೆ ಕೇಳಿಸಬಾರದೆಂದು.