ಡಬ್ಬಿಯಲ್ಲಿಟ್ಟ ಹಕ್ಕಿ ಉಂಗುರಗಳು

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಯಲ್ಲಿ ಕಡಲ ಹಕ್ಕಿಗಳನ್ನು ಕಾಯುವ ನಿನ್ನ ಆಫೀಸಿನವರು ಪತ್ರ ಬರೆಸುತ್ತಿದ್ದಾರೆ. ಫೋನಿನಲ್ಲಿ ಹೇಳಲು ಹೋದರೆ, ಬಾಯಿಮಾತು ನಡೆಯುವುದಿಲ್ಲ, ಬರೆದು ಕಳಿಸಿ ಎಂದರು. ಹಾಗಾದರೆ ಹೋದ ವರ್ಷ ನನ್ನ ಬಾಯಿಮಾತನ್ನು ನೀನು ಯಾಕೆ ನಂಬಿದೆ?

ಹಿಮದ ಕಡಲಿಗೆ ಮೀನು ಹಿಡಿಯಲು ಹೊರಟಾಗ ನೀನು ಬಣ್ಣದ ಪಟ್ಟಿಗಳನ್ನು ಕೊಟ್ಟೆ. ಗಾಳದ ಹಗ್ಗದ ಮೇಲೆ ಕಟ್ಟಿದರೆ ಹಕ್ಕಿಗಳು ಬೆದರಿ ದೂರ ಇರುತ್ತವೆ ಎಂದೆ. ಅದನ್ನು ಕಟ್ಟುತ್ತಾ ಕೂತರೆ ಗಾಳ ಬಿಡುವುದು ಯಾವಾಗ ಎಂದು ನಾನು ಮೂಲೆಗೆ ಎಸೆದೆ. ವಾಪಸ್ ಬಂದಾಗ ನೀನು ಚಹಾ ಕೊಟ್ಟು ಕೇಳಿದೆ, "ದೊಡ್ಡಪ್ಪ, ಎಷ್ಟು ಹಕ್ಕಿ ಸತ್ವು?"

"ಪಟ್ಟಿ ಕಟ್ಟಲೇ ಇಲ್ಲ ಕಣೇ, ಆದ್ರೂ ಒಂದೂ ಸಾಯಲಿಲ್ಲ. ನಿನ್ನ ಹಕ್ಕಿಗಳಿಗೆ ನಿನಗಿಂತ ಬುದ್ಧಿ ಇದೆ" ಎಂದೆ. ನೀನು ನಗುತ್ತಲೇ ಬರೆದುಕೊಂಡೆ.

ಸತ್ತಿದ್ದವು. ಗಾಳಕ್ಕೆ ಚುಚ್ಚಿದ ಮೀನಿಗೆ ಎರಗಿ, ಸಿಕ್ಕಿಕೊಂಡು, ಮುಳುಗಿ ಸತ್ತವು. ಸತ್ತವುಗಳಲ್ಲಿ ಹನ್ನೊಂದು ಹಕ್ಕಿಗಳ ಕಾಲಲ್ಲಿ, ಮರಿಗಳಾಗಿದ್ದಾಗ ನೀನೇ ತೊಡಿಸಿದ ನಂಬರಿನ ಉಂಗುರ ಇತ್ತು. ಬಿಚ್ಚಿ ಮಾತ್ರೆ ಡಬ್ಬಿಯಲ್ಲಿಟ್ಟೆ. ಕಡಲಿಗೆ ಎಸೆಯಲು ಕೈ ಬರಲಿಲ್ಲ, ನಿನಗೆ ಕೊಡಲು ಮುಖ ಇರಲಿಲ್ಲ. ಆ ಡಬ್ಬಿ ಈ ಪತ್ರದ ಜೊತೆಗಿದೆ.

ನಿನ್ನ ವರದಿ ನೋಡಿ, ಯಾವ ದೋಣಿಗೂ ಪಟ್ಟಿ ಬೇಡ ಎಂದು ಇಪ್ಪತ್ತನೇ ತಾರೀಖಿನ ಸಭೆಯಲ್ಲಿ ತೀರ್ಮಾನ ಮಾಡುತ್ತಾರಂತೆ. ಅದಕ್ಕೆ ಮುಂಚೆ ತಿದ್ದು. ಸುಳ್ಳು ಹೇಳಿದವನು ನಾನೆಂದು ಹೆಸರು ಹಾಕಿಯೇ ಬರೆ. ನನ್ನ ಪರವಾನಗಿ ಹೋದರೆ ಹೋಗಲಿ. ಎಲ್ಲರೆದುರು ನಿನ್ನ ತಲೆ ತಗ್ಗುತ್ತದೆ, ಅದಕ್ಕೆ ನಾನು ಏನು ಕೊಟ್ಟರೂ ಸಾಲದು.

ನನ್ನನ್ನು ಮಾತಾಡಿಸದಿದ್ದರೂ ಸರಿ. ತಿದ್ದಿದೆಯೋ ಇಲ್ಲವೋ, ಹದಿನೆಂಟರೊಳಗೆ ಉತ್ತರ ಬರೆ.

ನಿನ್ನ ದೊಡ್ಡಪ್ಪ