ಇಬ್ಬರ ಹೆಸರಿಗೂ ಟೋಕನ್

೧೧ ಜೂನ್ ೨೦೨೫, ಬುಧವಾರ

ತರಕಾರಿ ಅಂಗಡಿಯ ಬಿಜು ಇವತ್ತು ಮೆಲ್ಲಗೆ ಕೇಳಿದ, “ಚೇಚಿ, ಸಾರ್ ಯಾಕೆ ಮಲಯಾಳಂ ಬಿಟ್ಟುಬಿಟ್ಟರು? ಒಂದು ತಿಂಗಳಿಂದ ಕನ್ನಡದಲ್ಲೇ ಮಾತಾಡ್ತಾರೆ.”

ಇಲ್ಲಿನ ತುಂಬಾ ರಾಕೆಟ್ ಕೇಂದ್ರದ ಆಫೀಸಿನಲ್ಲಿ ಮೂವತ್ತು ವರ್ಷ ಮಲಯಾಳಂನಲ್ಲೇ ಜಗಳವಾಡಿ, ಮಲಯಾಳಂನಲ್ಲೇ ರಾಜಿಯಾದವರು ನಮ್ಮವರು! ಅವರ ಮರೆವು ವಯಸ್ಸಿನದೆಂದು ನಾನು ಸುಮ್ಮನಿದ್ದದ್ದೇ ತಪ್ಪು.

ಡಾಕ್ಟರ ಹತ್ತಿರ ಹೋಗೋಣವೆಂದರೆ ಸಿಡುಕುತ್ತಾರೆ. ಅದಕ್ಕೇ ಸುಳ್ಳು ಹೇಳಿದೆ, “ನನಗೇ ಮರೆವು ಜಾಸ್ತಿಯಾಗಿದೆ ಕಣ್ರೀ, ಜೊತೆಗೆ ಬನ್ನಿ.” ತಕ್ಷಣ ಒಪ್ಪಿದರು. ಶುಕ್ರವಾರ ನರರೋಗದ ಡಾಕ್ಟರಿಗೆ ತೋರಿಸಬೇಕು. ಟೋಕನ್ ಇಬ್ಬರ ಹೆಸರಿಗೂ ತೆಗೆದುಕೊಂಡಿದ್ದೇನೆ.

ಮಲಗುವಾಗ ನನ್ನ ಕೈ ಹಿಡಿದುಕೊಂಡರು. “ಹೆದರ್ಬೇಡ ಹಂಸಾ. ನೀನು ಮರೆತರೆ ನೆನಪು ಮಾಡೋಕೆ ನಾನಿಲ್ವಾ?”

ಅವರಿಗೆ ನಿದ್ದೆ ಬಂದರೂ ನನ್ನ ಬಲಗೈ ಬಿಟ್ಟಿಲ್ಲ. ಎಡಗೈಯಲ್ಲಿ ಗೀಚುತ್ತಿದ್ದೇನೆ. ಬೆಳಿಗ್ಗೆ ಇದನ್ನು ನನಗೇ ಓದಲು ಆಗುತ್ತದೋ ಇಲ್ಲವೋ. ಬಿಡಿಸಿಕೊಳ್ಳಲು ಮಾತ್ರ ಮನಸ್ಸಿಲ್ಲ.