ಒಳಗೆ ಹೋದ ಮೂಗು

೧೨ ಮಾರ್ಚ್, ಗುರುವಾರ

ದಿನಾ ಬರೆಯಬೇಕಂತೆ. ಮರೆವು ಹೆಚ್ಚಾಯಿತೆಂದು ಮಗಳು ಈ ಪುಸ್ತಕ ಕೈಗೆ ತುರುಕಿದ್ದಾಳೆ. ನಾನು ಶಾಲೆ ಬಿಟ್ಟಿದ್ದೇ ಬರೆಯುವ ಕಾಟ ತಪ್ಪಲಿ ಅಂತ.

ಇವತ್ತೂ ಫಿಲ್ಮ್ ತುಂಡು ಕೂರಿಸುವ ಸ್ಲೈಡ್ ಚೌಕಟ್ಟು ಸಿಗಲಿಲ್ಲ. ಒಂದು ಹಲಗೆಗೆ ಎರಡು ಕ್ಯಾಮೆರಾ ಬಿಗಿದು, ಹೊಸ್ತಿಲಲ್ಲಿ ಕೂತು ನಗುವ ಹೆಂಡತಿಯ ಫೋಟೊ ತೆಗೆದಿದ್ದೇನೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಜೋಡಿಗಾಜಿನ ಡಬ್ಬಿಯಲ್ಲಿ ಎರಡನ್ನೂ ಒಟ್ಟಿಗೆ ನೋಡಿದರೆ ಎದುರಿಗೇ ಕೂತ ಹಾಗಿರಬೇಕು. ಆದರೆ ರಟ್ಟಿನ ಚೌಕಟ್ಟಿನಲ್ಲಿ ಫಿಲ್ಮ್ ಜಾರುತ್ತದೆ, ಕೂದಲೆಳೆಯಷ್ಟು ಮೇಲೆ ಕೆಳಗಾದರೂ ತಲೆನೋವು. ಅಂಚಿನ ತೂತುಗಳನ್ನು ಕಚ್ಚಿಹಿಡಿಯುವ ಪ್ಲಾಸ್ಟಿಕ್ಕಿನದೇ ಬೇಕು.

"ರಟ್ಟಿಂದೇ ತಗೊಳ್ಳಿ ಯಜಮಾನ್ರೆ, ಎಲ್ಲಾ ಒಂದೇ," ಎಂದ ಅಂಗಡಿಯವನು.

"ಒಂದೇ ಆಗಿದ್ರೆ ನಿನ್ನಂಗಡಿಗೆ ಮೂರು ಸಲ ಯಾಕಯ್ಯಾ ಬರ್ತಿದ್ದೆ?" ಎಂದು ರೇಗಿದೆ. ಹುಡುಕುತ್ತೇನೆ ಎಂದ.

ತಡೆಯಲಾರದೆ ಸಂಜೆ ರಟ್ಟಿನಲ್ಲೇ ಅಂಟಿಸಿ ಅವಳಿಗೆ ತೋರಿಸಿದೆ. ಅವಸರದಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದೆ. ಹಾಗಾದರೆ ಉಬ್ಬಿದ್ದೆಲ್ಲ ತಗ್ಗಾಗಿ ಕಾಣುತ್ತದೆ.

"ರೀ, ನನ್ನ ಮೂಗು ಒಳಗೆ ಹೋಗಿಬಿಟ್ಟಿದೆ!"

"ಮೂವತ್ತೆಂಟು ವರ್ಷ ಎಲ್ಲದರಲ್ಲೂ ತೂರಿಸಿದ್ಯಲ್ಲ, ಸ್ವಲ್ಪ ಒಳಗಿರಲಿ ಬಿಡು."

ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವಳ ಎಡಗಣ್ಣು ಮಂಜಾಗುತ್ತಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಅದರಲ್ಲಿ ಏನೂ ಕಾಣದು, ಮಾಡುವುದೂ ಏನಿಲ್ಲ ಎಂದಿದ್ದಾರೆ ಡಾಕ್ಟರು. ಒಂದೇ ಕಣ್ಣಿಗೆ ಈ ಫೋಟೊ ಬರೀ ಚಪ್ಪಟೆ ಚಿತ್ರ. ಕನ್ನಡಿ ಮುಂದೆ ಅವಳು ಎಂದೂ ಹಾಗೆ ನಕ್ಕವಳಲ್ಲ. ನಾನು ದಿನಾ ನೋಡುವ ಆ ಮುಖವನ್ನು ಅವಳೂ ಒಂದು ಸಲ ನೋಡಲಿ.

ಬೆಳಿಗ್ಗೆ ಎದ್ದವನೇ ಅಂಗಡಿಗೆ ಫೋನ್ ಮಾಡುತ್ತೇನೆ. ಅವಳ ಕಣ್ಣು ಕಾಯುವುದಿಲ್ಲ, ಒಂದು ವಾರದೊಳಗೆ ಹೇಳಿಬಿಡು ಮಾರಾಯ, ಸಿಗುತ್ತದೋ ಇಲ್ಲವೋ.